ಮೊದಲು ಕೈ ತೋರಿಸಿ

ಬೆಳಗಿನ ಐದೂಕಾಲು. ಹಳೆಯ ತಂಬಾಕು ಗೋದಾಮಿನ ಹಿಂದಿರುವ ಮಕ್ಕಳ ಅಡುಗೆಮನೆಯ ಹಿಂಬಾಗಿಲಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಬಿಳಿ ಕೋಟಿನ ಗಿಂಕಾ ಪರುಶೆವಾ. ವಯಸ್ಸು ಅರವತ್ತೆರಡು, ಕನ್ನಡಕ ಮೂಗಿನ ತುದಿಗೆ ಜಾರಿದೆ, ಕೈಯಲ್ಲಿ ಸಣ್ಣ ಟಾರ್ಚಿದೆ. ಎದುರಿಗೆ ಹದಿನಾಲ್ಕು ಮಂದಿ ಅಡುಗೆಯ ಹೆಂಗಸರು ಸಾಲುಗಟ್ಟಿ ನಿಂತಿದ್ದಾರೆ. ಯಾಂತ್ರಾ ನದಿಯ ಮಂಜು ಬಾಗಿಲವರೆಗೂ ಬಂದಿದೆ. ಎಲ್ಲರಿಗೂ ಒಳಗಿನ ಒಲೆಯ ಬಿಸುಪು ಬೇಕು, ಆದರೆ ಒಳಗೆ ಹೋಗುವ ದಾರಿ ಗಿಂಕಾ ಅವರ ಎದುರಿನಿಂದಲೇ.

"ಕೈ" ಎನ್ನುತ್ತಾರೆ ಗಿಂಕಾ. ನಮಸ್ಕಾರ, ಕ್ಷೇಮ ಸಮಾಚಾರ ಎಲ್ಲ ಆಮೇಲೆ.

ಮೊದಲನೆಯವಳು ಕೈ ಚಾಚುತ್ತಾಳೆ. ಅಂಗೈ, ಮುಂಗೈ, ಬೆರಳ ಸಂದು, ಉಗುರಿನ ಬುಡ. ಟಾರ್ಚಿನ ಬೆಳಕು ಒಂದು ಕಡೆ ನಿಲ್ಲುತ್ತದೆ.

"ಉಂಗುರ."

"ಅಕ್ಕಾ, ಬರೋದೇ ಇಲ್ಲ ಇದು. ಬೆರಳು ಊದ್ಕೊಂಡಿದೆ."

"ಸೋಪು ಹಚ್ಚಿ ತೆಗಿ. ಉಂಗುರ ತೆಗೆದ್ರೆ ಗಂಡ ಓಡಿಹೋಗಲ್ಲ."

"ಹೋಗೋದಾದ್ರೆ ನಾನೂ ತೆಗೀತೀನಿ" ಎಂದು ಸಾಲಿನ ಹಿಂದಿನಿಂದ ಯಾರೋ ಹೇಳುತ್ತಾರೆ. ಗಿಂಕಾ ನಗುವುದಿಲ್ಲ. ನಗುವುದು ಅವರಿಗೆ ಗೊತ್ತಿಲ್ಲವೆಂದಲ್ಲ, ಐದನೆಯವಳು ಕೈಗವಸು ಹಾಕಿಕೊಂಡೇ ನಿಂತಿರುವುದು ಅವರ ಕಣ್ಣಿಗೆ ಆಗಲೇ ಬಿದ್ದಿದೆ. ಅವರು ಒಂದು ಗಳಿಗೆ ಕಣ್ಣು ಮುಚ್ಚಿ ಉಸಿರು ಬಿಡುತ್ತಾರೆ.

"ಇದೇನೇ ಇದು?"

"ಗವಸು ಅಕ್ಕ. ಸ್ವಚ್ಛವಾಗಿರ್ಲಿ ಅಂತ ಮನೇಲೇ ಹಾಕ್ಕೊಂಡು ಬಂದೆ."

"ಮನೇಲಿ ಹಾಕ್ಕೊಂಡೆ. ಬಸ್ಸಲ್ಲಿ ಕಂಬಿ ಹಿಡ್ಕೊಂಡೆ. ಟಿಕೆಟ್ ತಗೊಂಡೆ. ಮೂಗು ಒರೆಸ್ಕೊಂಡೆ. ಈಗ ಅದೇ ಗವಸಲ್ಲಿ ಮಗೂಗೆ ಕೋಳಿ ಬಿಡಿಸ್ತೀಯ. ತೆಗಿ ಮಾರಾಯ್ತಿ, ತೆಗಿ. ಹನ್ನೊಂದು ವರ್ಷದಿಂದ ಹೇಳಿ ಹೇಳಿ ನನ್ನ ನಾಲಿಗೆ ಸವೀತು."

ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತು ಈ ಬಾಗಿಲಲ್ಲಿ ನಡೆಯುವುದಿಲ್ಲ. ಇಲ್ಲಿ ಕೈ ಕೆಸರಾದರೆ ಊರಿನ ಕೂಸುಗಳ ಹೊಟ್ಟೆ ಕೆಡುತ್ತದೆ. ಒಳಗೆ ದಿನಕ್ಕೆ ಆರುನೂರ ಹತ್ತು ಮಕ್ಕಳಿಗೆ ಅಡುಗೆಯಾಗುತ್ತದೆ. ಹತ್ತು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳು. ಒಂದು ಸೂಪು, ಒಂದು ಊಟ, ಒಂದು ಸಿಹಿ. ಹನ್ನೊಂದು ಗಂಟೆಗೆ ಮುಂಬಾಗಿಲ ಕಿಟಕಿ ತೆರೆಯುವಾಗ ಅಮ್ಮಂದಿರು, ಅಜ್ಜ ಅಜ್ಜಿಯರು ಡಬ್ಬಿ ಹಿಡಿದು ಸಾಲು ನಿಂತಿರುತ್ತಾರೆ. ಅಜ್ಜಂದಿರು ಮನೆಗೆ ಹೋಗುವ ದಾರಿಯಲ್ಲೇ ಅರ್ಧ ಸೂಪು ಕುಡಿದು ಮುಗಿಸುತ್ತಾರೆಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಹಿಂಬಾಗಿಲಲ್ಲಿ ಕೂತು ಕೈ ನೋಡುವವರೊಬ್ಬರಿದ್ದಾರೆ ಎಂಬುದು ಮಾತ್ರ ಆ ಸಾಲಿನಲ್ಲಿ ಯಾರಿಗೂ ಗೊತ್ತಿಲ್ಲ.

ಹೆಂಗಸರು ಒಬ್ಬೊಬ್ಬರೂ ಒಂದು ಪಾಳಿಯಲ್ಲಿ ಮೂವತ್ತೈದು, ನಲವತ್ತು ಸಲ ಕೈ ತೊಳೆಯುತ್ತಾರೆ. ಹಸಿ ಕೋಳಿ ಮುಟ್ಟಿದ ಮೇಲೆ, ಮೊಟ್ಟೆ ಒಡೆದ ಮೇಲೆ, ಶೌಚಾಲಯದಿಂದ ಬಂದ ಮೇಲೆ, ಕಸದ ಡಬ್ಬಿ, ಫೋನು, ಕೂದಲು ಯಾವುದನ್ನು ಮುಟ್ಟಿದರೂ. ಹದಿನಾಲ್ಕು ಮಂದಿ ಸೇರಿದರೆ ದಿನಕ್ಕೆ ಐನೂರು ಸಲ. ಅದರಲ್ಲಿ ಎಷ್ಟು ಸಲ ಸರಿಯಾಗಿ ತೊಳೆದರು, ಎಷ್ಟು ಸಲ ನೀರು ಚಿಮುಕಿಸಿಕೊಂಡು ಓಡಿದರು ಎಂಬುದನ್ನು ಗಿಂಕಾ ನಲ್ಲಿಯ ಶಬ್ದದಿಂದಲೇ ಹೇಳಬಲ್ಲರು. ಬೆನ್ನು ಮಾಡಿ ಕೂತಿದ್ದರೂ, "ಯಾರದು? ಮತ್ತೆ ತೊಳಿ" ಎನ್ನುತ್ತಾರೆ. ಈ ಕಾರಣಕ್ಕೆ ಕೆಲವರು ಅವರನ್ನು ಬೆನ್ನಿನಲ್ಲಿ ಕಣ್ಣಿರುವವಳು ಎಂದು ಬೈದುಕೊಳ್ಳುವುದುಂಟು.

"ತೊಳೀರಿ ಅಂತ ಹೇಳೋದು ಸುಲಭ" ಎನ್ನುತ್ತಾರೆ ಗಿಂಕಾ. "ಗೋಡೆ ಮೇಲೆ ಅಂಟಿಸಿರೋ ಹಾಳೆ ಕೂಡ ಅದನ್ನೇ ಹೇಳುತ್ತೆ. ನಲವತ್ತು ಸಲ ತೊಳೆದ ಕೈ ಸಂಜೆ ಹೊತ್ತಿಗೆ ಏನಾಗಿರುತ್ತೆ ಅಂತ ಯಾರಾದ್ರೂ ಕೇಳ್ತಾರಾ? ಹೆಚ್ಚು ತೊಳೆಯೋರ ಕೈಯೇ ಹೆಚ್ಚು ಒಡೆಯೋದು. ಒಡೆದ ಕೈಗೆ ನೀರು ಸೋಕಿದ್ರೆ ಉರಿ. ಉರಿ ಅಂದ್ರೆ ತೊಳೆಯೋದು ತಪ್ಪಿಸ್ತಾರೆ. ಆ ಬಿರುಕಲ್ಲಿ ಕ್ರಿಮಿ ಕೂತ್ಕೊಳ್ಳುತ್ತೆ. ಇಷ್ಟೇ ಕಥೆ. ಇದನ್ನ ಅರ್ಥ ಮಾಡ್ಸೋಕೆ ನನ್ನ ಅರ್ಧ ತಲೆಗೂದಲು ಬೆಳ್ಳಗಾಯ್ತು. ಇನ್ನರ್ಧ ಮೊದಲೇ ಬೆಳ್ಳಗಿತ್ತು."

ಒಡೆದ ಕೈ ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಬೆಟ್ಟದ ಮೇಲಿನ ಹಳ್ಳಿಯಿಂದ ಇಳಿದು ಬಂದು ನೂಲಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯಲು ಸೇರಿದವರು ಅವರು. ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ದಿನಕ್ಕೆ ಎಂಟು ಗಂಟೆ. ಒಂದೇ ಚಳಿಗಾಲದಲ್ಲಿ ಬೆರಳ ಗಿಣ್ಣುಗಳು ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದವು. ಮನೆಗೆ ಹೋದಾಗ ಅಮ್ಮ ಹಂದಿಕೊಬ್ಬು ಸವರಿ ಕೈಗಳಿಗೆ ಉಣ್ಣೆಯ ಕಾಲುಚೀಲ ತೊಡಿಸಿ ಮಲಗಿಸುತ್ತಿದ್ದರು. ಬೆಳಿಗ್ಗೆ ಚೀಲ ಬಿಚ್ಚಿದರೆ ಚರ್ಮವೂ ಜೊತೆಗೇ ಬರುತ್ತಿತ್ತು. ಮೇಲ್ವಿಚಾರಕಿಗೆ ತೋರಿಸಿದಾಗ ಆಕೆ ಕೊಟ್ಟ ಔಷಧ ಒಂದೇ ಮಾತು: "ಒಗ್ಗಿಕೊಳ್ಳುತ್ತೆ ಬಿಡು." ಒಗ್ಗಿಕೊಳ್ಳಲಿಲ್ಲ. ಎರಡು ವರ್ಷದ ಮೇಲೆ ಗಿಂಕಾ ತರ್ನೊವೊ ಪಟ್ಟಣಕ್ಕೆ ಹೋಗಿ ನರ್ಸಿಂಗ್ ಕಲಿತರು. ಹಳ್ಳಿಯ ಆಸ್ಪತ್ರೆಯೊಂದರಲ್ಲಿ ಮೂರು ದಶಕ ದುಡಿದರು. ಆಸ್ಪತ್ರೆ ಮುಚ್ಚಿದಾಗ ಐವತ್ತೊಂದು ವಯಸ್ಸು. ಮಕ್ಕಳ ಅಡುಗೆಮನೆಯಲ್ಲಿ ನರ್ಸ್ ಬೇಕೆಂದು ಕೇಳಿ ಬಂದರು. ಅವರ ಕೈಗಿತ್ತ ಆದೇಶದಲ್ಲಿ ಕೆಲಸದ ವಿವರ ಒಂದೇ ಸಾಲು: ಸಿಬ್ಬಂದಿಯ ಕೈ ತಪಾಸಣೆ, ಇತ್ಯಾದಿ.

"ಕೈ ತಪಾಸಣೆ ಐದು ನಿಮಿಷದ ಕೆಲಸ" ಎನ್ನುತ್ತಾರೆ. "ನನ್ನ ಜೀವ ತೆಗೆದಿದ್ದು ಆ ಇತ್ಯಾದಿ."

ನಾಲ್ಕು ವರ್ಷದ ಹಿಂದಿನ ಮೇ ತಿಂಗಳ ಮಾತು ಬಂದಾಗ ಮಾತ್ರ ಗಿಂಕಾ ಅವರ ದನಿ ತಗ್ಗುತ್ತದೆ.

ಆಗ ಅಡುಗೆಮನೆಯಲ್ಲಿ ಕೈ ತೊಳೆಯಲು ಎರಡು ನಲ್ಲಿಗಳಿದ್ದವು. ಒಂದರಲ್ಲಿ ಬೊಬ್ಬೆ ಏಳಿಸುವ ಬಿಸಿನೀರು, ಇನ್ನೊಂದರಲ್ಲಿ ಬೆರಳು ಮರಗಟ್ಟಿಸುವ ತಣ್ಣೀರು. ಸೋಪು ಎಂದರೆ ಕ್ಯಾನಿನಲ್ಲಿ ಬರುತ್ತಿದ್ದ ಹಳದಿ ದ್ರವ, ನೆಲ ತೊಳೆಯುವುದಕ್ಕೂ ಅದೇ. ಒರೆಸಿಕೊಳ್ಳಲು ಮೊಳೆಗೆ ತೂಗುಹಾಕಿದ ಒಂದು ಟವೆಲ್ಲು, ಹದಿನಾಲ್ಕು ಮಂದಿಗೂ ಅದೊಂದೇ. ಕೈಗವಸು ದಿನಕ್ಕೆ ತಲೆಗೆ ಎರಡು ಜೊತೆ. ಕೈಗೆ ಗಾಯವಾದವರು ಮನೆಗೆ ಹೋಗಬೇಕು, ಹೋದ ದಿನಕ್ಕೆ ಸಂಬಳವಿಲ್ಲ. ಆ ಕೊನೆಯ ನಿಯಮ ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು.

ಸಿಹಿ ಮಾಡುವ ಮೇಜಿನಲ್ಲಿ ಸೆವ್ದಾ ಇದ್ದಳು. ಮೂವತ್ತೊಂದು ವರ್ಷ, ಇಬ್ಬರು ಮಕ್ಕಳು, ಮಾತು ಕಡಿಮೆ, ಕೆಲಸ ಚುರುಕು. ಆ ಬೆಳಿಗ್ಗೆ ಸಾಲಿನ ಕೊನೆಯಲ್ಲಿ ಬಂದಳು, ಗವಸು ಹಾಕಿಕೊಂಡು.

"ತೆಗಿ" ಎಂದರು ಗಿಂಕಾ.

"ತೆಗೆದ್ರೆ ಹರಿದುಹೋಗುತ್ತೆ ಅಕ್ಕ. ಎರಡೇ ಜೊತೆ ಕೊಡೋದು. ಆಮೇಲೆ ಮ್ಯಾನೇಜರ್ ದಾಂಚೆವ್ ಅವ್ರ ಹತ್ರ ಯಾರು ಬೈಸ್ಕೊಳ್ಳೋದು?"

ಹೊರಗೆ ಹಾಲಿನ ಲಾರಿ ಹಾರ್ನ್ ಹೊಡೆಯುತ್ತಿತ್ತು. ಸೇಂಟ್ ಜಾರ್ಜ್ ಹಬ್ಬದ ರಜೆ ಮುಗಿದ ಮಾರನೆಯ ದಿನ, ಮೂವರು ಕೆಲಸಕ್ಕೆ ಬಂದಿರಲಿಲ್ಲ. ಗಿಂಕಾ ಒಮ್ಮೆ ಲಾರಿಯತ್ತ ನೋಡಿದರು, ಒಮ್ಮೆ ಗಡಿಯಾರದತ್ತ.

"ಸರಿ, ಹೋಗು."

ಅಷ್ಟೇ ಆದದ್ದು. ಆ ಎರಡು ಮಾತನ್ನು ಗಿಂಕಾ ಈಗಲೂ ಬಾಯಿಬಿಟ್ಟು ಹೇಳುವುದಿಲ್ಲ, ಕೈಸನ್ನೆಯಲ್ಲಿ ತೋರಿಸುತ್ತಾರೆ.

ಗವಸಿನೊಳಗೆ ಸೆವ್ದಾಳ ಬಲ ಹೆಬ್ಬೆರಳು ಬುಡದವರೆಗೆ ಸೀಳಿತ್ತು. ತೋರುಬೆರಳ ಪಕ್ಕ ಕೀವು ಕಟ್ಟಿತ್ತು. ಬೆವರಿಗೆ ಉರಿ ಹೆಚ್ಚಾಗಿ ಎಂಟು ಗಂಟೆಯ ಹೊತ್ತಿಗೆ ಅವಳು ಗವಸು ಕಿತ್ತೆಸೆದಳು. ಇನ್ನೊಂದು ಜೊತೆಯನ್ನು ಮಧ್ಯಾಹ್ನಕ್ಕೆಂದು ಉಳಿಸಿಕೊಂಡಳು. ಆ ದಿನದ ಸಿಹಿ ಹಾಲಿನಲ್ಲಿ ಬೇಯಿಸಿದ ರವೆ, ಮೇಲೆ ದಾಲ್ಚಿನ್ನಿ ಪುಡಿ. ಬೆಂದ ರವೆಯನ್ನು ಅಗಲ ತಟ್ಟೆಗಳಿಗೆ ಸುರಿದು, ಸೌಟಿಗೆ ಅಂಟಿದ್ದನ್ನು ಬೆರಳಿನಿಂದ ಬಳಿದು ಹಾಕಿದಳು, ಮನೆಯಲ್ಲಿ ಎಲ್ಲರೂ ಮಾಡುವ ಹಾಗೆ. ಫ್ರಿಜ್ಜಿನಲ್ಲಿ ಮೊಸರಿನ ಕ್ರೇಟುಗಳು ತುಂಬಿದ್ದವು. ತಟ್ಟೆಗಳು ಮೂರು ಗಂಟೆ ಮೇಜಿನ ಮೇಲೇ ಬೆಚ್ಚಗೆ ಉಳಿದವು.

ಮಧ್ಯಾಹ್ನ ಎರಡಕ್ಕೆ ಮೊದಲ ಫೋನು ಬಂತು. ಮೂರಕ್ಕೆ ಫೋನು ಕೆಳಗಿಡಲು ಪುರುಸೊತ್ತಿರಲಿಲ್ಲ. ನಲವತ್ತಮೂರು ಮಕ್ಕಳು ವಾಂತಿ ಮಾಡಿಕೊಂಡಿದ್ದರು. ಊಟವನ್ನು ಚೆನ್ನಾಗಿ ಬಿಸಿ ಮಾಡಿಯೇ ಕೊಟ್ಟಿದ್ದೆವು ಎಂದು ತಾಯಂದಿರು ಅಳುತ್ತಿದ್ದರು. ಬಿಸಿ ಮಾಡಿದರೂ ಪ್ರಯೋಜನವಿಲ್ಲ, ಆ ಕ್ರಿಮಿ ಬಿಟ್ಟ ವಿಷ ಬಿಸಿಗೆ ಸಾಯುವಂಥದ್ದಲ್ಲ ಎಂದು ಗಿಂಕಾಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಅದನ್ನು ಯಾರಿಗೆ ಹೇಳುವುದು? ಸಂಜೆ ಆಸ್ಪತ್ರೆಗೆ ಹೋದರು. ಹನ್ನೊಂದು ತಿಂಗಳ ಕಾಲಿನಾ ಎಂಬ ಕೂಸಿಗೆ ಡ್ರಿಪ್ ಹಾಕಿದ್ದರು. ಅಷ್ಟು ಸಣ್ಣ ಕೈಯಲ್ಲಿ ನರ ಸಿಗದೆ ಕಾಲಿಗೆ ಚುಚ್ಚಿದ್ದರು. ಕೂಸಿನ ಅಜ್ಜಿ ಗಿಂಕಾ ಅವರ ಬಿಳಿ ಕೋಟು ನೋಡಿ ಡಾಕ್ಟರೆಂದುಕೊಂಡು, "ಅಮ್ಮಾ, ಇದು ಉಳಿಯುತ್ತಲ್ವಾ?" ಎಂದು ಕೇಳಿದರು.

ಎರಡು ದಿನಕ್ಕೆ ಕಾಲಿನಾ ಎದ್ದು ಕೂತಳು. ಎಲ್ಲ ಮಕ್ಕಳೂ ಚೇತರಿಸಿಕೊಂಡರು. ಅಡುಗೆಮನೆಯಲ್ಲಿ ವಿಚಾರಣೆ ಶುರುವಾಯಿತು. ರವೆಯಲ್ಲಿ ಸಿಕ್ಕ ಕ್ರಿಮಿಯೇ ಸೆವ್ದಾಳ ಬೆರಳಿನಲ್ಲೂ ಸಿಕ್ಕಿತು. ಮ್ಯಾನೇಜರ್ ಲ್ಯುಬೊಮಿರ್ ದಾಂಚೆವ್ ಅವರು 'ಕೆಲಸಗಾರಳ ಸ್ವಂತ ನಿರ್ಲಕ್ಷ್ಯ' ಎಂದು ಬರೆದು ಸಹಿಗೆ ಇಟ್ಟರು. ಕೆಲಸದಿಂದ ತೆಗೆಯುವ ಮುನ್ನ ಸೆವ್ದಾಳನ್ನು ಕರೆಸಿ, ಗಾಯವನ್ನು ಯಾಕೆ ಮುಚ್ಚಿಟ್ಟೆ ಎಂದು ಕೇಳಿದರು.

ಸೆವ್ದಾ ಎರಡೂ ಕೈಗಳನ್ನು ಮೇಜಿನ ಮೇಲೆ, ಆ ಕಾಗದದ ಪಕ್ಕದಲ್ಲಿ ಇಟ್ಟಳು.

"ತೋರಿಸಿದ್ರೆ ಮನೆಗೆ ಕಳಿಸ್ತೀರಿ. ಮನೇಲಿ ಕೂತ್ರೆ ಸಂಬಳ ಇಲ್ಲ. ನನ್ನ ಕೈ ಜನವರಿಯಿಂದ ಹೀಗೇ ಇದೆ. ಜನವರಿಯಿಂದ ಮನೇಲಿ ಕೂರೋದಾ?"

ಅಲ್ಲೇ ಕೂತಿದ್ದ ಗಿಂಕಾ ಎದ್ದು ನಿಂತರು.

"ಆ ದಿನ ಕೈ ನೋಡ್ಬೇಕಾಗಿದ್ದೋಳು ನಾನು. ಗವಸು ತೆಗೆಸ್ಲಿಲ್ಲ. ಇದನ್ನೂ ಬರ್ಕೊಳ್ಳಿ. ಬರೀದೆ ಇದ್ರೆ ನಾನೇ ಬರೆದು ನಗರಸಭೆಗೆ ಕೊಡ್ತೀನಿ."

ಗಿಂಕಾ ಅವರಿಗೆ ಕಠಿಣ ಎಚ್ಚರಿಕೆಯ ಪತ್ರ ಬಂತು. ಸೆವ್ದಾಳ ಕೆಲಸ ಹೋಗಲಿಲ್ಲ. ಅವಳನ್ನು ಒಣ ದಿನಸಿಯ ಉಗ್ರಾಣಕ್ಕೆ ಹಾಕಿದರು. ಇನ್ನು ಮೇಲೆ ಇಂಥದ್ದು ಆಗದಂತೆ ಆಡಳಿತ ಕೈಗೊಂಡ ಕ್ರಮವೆಂದರೆ, 'ಕೈ ತೊಳೆಯಿರಿ' ಎಂಬ ಏಳು ಬಣ್ಣದ ಪೋಸ್ಟರುಗಳು.

"ಏಳು" ಎನ್ನುತ್ತಾರೆ ಗಿಂಕಾ. "ಒಂದು ಶೌಚಾಲಯದ ಬಾಗಿಲ ಮೇಲೆ, ಒಂದು ನಲ್ಲಿ ಮೇಲೆ, ಒಂದು ಉಗ್ರಾಣದಲ್ಲಿ, ಅಲ್ಲಿ ನಲ್ಲೀನೇ ಇಲ್ಲ. ನಾನು ಕೇಳ್ದೆ, ದಾಂಚೆವ್ ಅವ್ರೇ, ತೊಳೆದ ಮೇಲೆ ಈ ಪೋಸ್ಟರ್ ಹರಿದು ಕೈ ಒರೆಸ್ಕೊಳ್ಳೋದಾ ಅಂತ."

ಅವರು ಬೇಕೆಂದು ಬರೆದುಕೊಟ್ಟದ್ದು ದೊಡ್ಡ ಪಟ್ಟಿಯೇನಲ್ಲ. ಉಗುರುಬೆಚ್ಚಗಿನ ನೀರು. ವಾಸನೆಯಿಲ್ಲದ, ಚರ್ಮ ಸುಡದ ಸೋಪು. ಒಬ್ಬರು ಒರೆಸಿ ಬಿಸಾಡುವ ಕಾಗದದ ಟವೆಲ್ಲು. ಕೈಗೆ ಹಚ್ಚುವ ಸಾದಾ ಕ್ರೀಮು. ಇವೆಲ್ಲಕ್ಕಿಂತ ಮೇಲಾಗಿ, ಗಾಯ ತೋರಿಸಿದವರ ಸಂಬಳ ಕಡಿಯಬಾರದು, ವಾಸಿಯಾಗುವವರೆಗೆ ಅವರಿಗೆ ಆಹಾರ ಮುಟ್ಟದ ಕೆಲಸ ಕೊಡಬೇಕು.

ದಾಂಚೆವ್ ಅವರು ಗಾಬ್ರೊವೊ ಊರಿನವರು. ರಾತ್ರಿ ಗಡಿಯಾರದ ಹಲ್ಲು ಸುಮ್ಮನೆ ಸವೆಯಬಾರದೆಂದು ಅದನ್ನು ನಿಲ್ಲಿಸಿ ಮಲಗುವವರು ಎಂದು ಆ ಊರಿನವರ ಬಗ್ಗೆ ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಪಟ್ಟಿಯನ್ನು ಓದಿ ಅವರು ಕನ್ನಡಕ ತೆಗೆದರು.

"ಕ್ರೀಮಾ? ಇದು ಅಡುಗೆಮನೆ ಗಿಂಕಾ, ಬ್ಯೂಟಿ ಪಾರ್ಲರ್ ಅಲ್ಲ. ನಮ್ಮಮ್ಮ ಜೀವನವಿಡೀ ಬೂದೀಲಿ ಪಾತ್ರೆ ತೊಳೆದ್ಲು. ಒಂದು ದಿನ ಕ್ರೀಮ್ ಕೇಳ್ಲಿಲ್ಲ."

"ನೀವು ಒಂದು ವಾರ ತೊಳೀರಿ ನೋಡೋಣ" ಎಂದರು ಗಿಂಕಾ. "ನಮ್ಮ ನಲ್ಲಿ, ನಮ್ಮ ಸೋಪು. ದಿನಕ್ಕೆ ಮೂವತ್ತಾರು ಸಲ. ಐದು ದಿನ ಆದ್ಮೇಲೂ ಹೀಗೇ ಹೇಳಿದ್ರೆ ಈ ಪಟ್ಟೀನ ನಾನೇ ಹರಿದು ಹಾಕ್ತೀನಿ."

ಆಗಲೆಂದರು ದಾಂಚೆವ್. ಹೆಂಗಸರೆದುರು ಹಿಂಜರಿಯಲು ಅವರಿಗೆ ಇಷ್ಟವಿರಲಿಲ್ಲ. ಉಗ್ರಾಣದ ಕಿಟಕಿಯಿಂದ ನಲ್ಲಿ ಕಾಣುತ್ತಿದ್ದರಿಂದ ಅವರು ತೊಳೆದ ಲೆಕ್ಕಕ್ಕೆ ಚೀಟಿಯಲ್ಲಿ ಗೀಟು ಹಾಕುವ ಕೆಲಸ ಸೆವ್ದಾಳಿಗೆ ಬಂತು.

ಸೋಮವಾರ ಅವರು ಹಾಡು ಗುನುಗುತ್ತಾ ತೊಳೆದರು. ಮಂಗಳವಾರ ಹಾಡಿಲ್ಲದೆ ತೊಳೆದರು. ಬುಧವಾರ ಗಿಣ್ಣುಗಳು ಕೆಂಪಾದವು, ಪೆನ್ನು ಹಿಡಿಯುವಾಗ ತುಟಿ ಕಚ್ಚುತ್ತಿದ್ದರು. ಗುರುವಾರ ಮಧ್ಯಾಹ್ನ ಎದುರಿನ ಹೋಟೆಲಿನಲ್ಲಿ ಎಂದಿನಂತೆ ಬೋಟಿ ಸೂಪು ತರಿಸಿಕೊಂಡು, ಎಂದಿನಂತೆ ಬೆಳ್ಳುಳ್ಳಿಯ ವಿನೆಗರನ್ನು ಧಾರಾಳವಾಗಿ ಸುರಿದುಕೊಂಡರು. ನಾಲ್ಕು ಹನಿ ಬೆರಳ ಸಂದಿಗೆ ಇಳಿಯಿತು. ಅವರು ಕೂಗಿದ ಕೂಗಿಗೆ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದವರು ತಲೆಯೆತ್ತಿದರು. ಶುಕ್ರವಾರ ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಬಂದರು.

ಸಂಜೆ ಸೆವ್ದಾ ತನ್ನ ಚೀಟಿಯನ್ನು ಓದಿದಳು. "ಸೋಮವಾರ ಮೂವತ್ತಾರು. ಮಂಗಳವಾರ ಮೂವತ್ತಾರು. ಬುಧವಾರ ಇಪ್ಪತ್ತೆಂಟು. ನಿನ್ನೆ ಹದಿನೇಳು. ಇವತ್ತು ಆರು. ಆರರಲ್ಲಿ ನಾಲ್ಕು ಸಲ ಸೋಪು ಮುಟ್ಟಿಲ್ಲ."

ಯಾರೂ ನಗಲಿಲ್ಲ. ದಾಂಚೆವ್ ಅವರು ಜೇಬಿನಿಂದ ಕೈ ತೆಗೆಯಲಿಲ್ಲ. ಸೆವ್ದಾಳನ್ನು, "ನೀನು ಜನವರಿಯಿಂದ ಅಂದ್ಯಲ್ಲ?" ಎಂದು ಕೇಳಿದರು. ಹೌದೆಂದಳು. ಅವರು ಒಳಗೆ ಹೋದರು.

ಕಥೆಯಾಗಿದ್ದರೆ ಇಲ್ಲಿಗೆ ಎಲ್ಲವೂ ಸರಿಹೋಗಬೇಕಿತ್ತು. ಸೋಪು ಎರಡು ವಾರಕ್ಕೆ ಬದಲಾಯಿತು, ನಿಜ. ಕೊಳಾಯಿಯವನು ಬಂದು ಬಿಸಿ ತಣ್ಣೀರು ಕೂಡುವ ನಲ್ಲಿ ಹಾಕಲು ಜುಲೈ ಆಯಿತು. ಕಾಗದದ ಟವೆಲ್ಲು ಬಂದದ್ದು ಡಿಸೆಂಬರಿನಲ್ಲಿ, ಗಿಂಕಾ ಆರು ಪತ್ರ ಬರೆದ ಮೇಲೆ. ಬಂದ ಟವೆಲ್ಲು ಮರಳುಕಾಗದದಷ್ಟು ಒರಟು. ಇನ್ನೆರಡು ಪತ್ರ.

ಕ್ರೀಮಿನ ಪಾಡು ಬೇರೆಯೇ. ದಾಂಚೆವ್ ಅವರ ಹೆಂಡತಿಯ ನೆಂಟರು ಕಜನ್‌ಲಿಕ್ ಕಡೆಯವರು. ಅಲ್ಲಿನ ಗುಲಾಬಿ ಕಣಿವೆಯಿಂದ ಒಂದು ಪೆಟ್ಟಿಗೆ ಗುಲಾಬಿ ಕ್ರೀಮು ಬಂದಿಳಿಯಿತು. ಸಾದಾ ಕ್ರೀಮು ಎಂದು ಗಿಂಕಾ ಬರೆದುಕೊಟ್ಟಿದ್ದನ್ನು ಯಾರೂ ಗಮನಿಸಿರಲಿಲ್ಲ. ಹೆಂಗಸರು ಸಂತೋಷದಿಂದ ಮೊಣಕೈವರೆಗೆ ಬಳಿದುಕೊಂಡರು. ಮಾರನೆಯ ದಿನ ಪೆಂಚೊ ಎಂಬ ಅಜ್ಜ ಡಬ್ಬಿ ಹಿಡಿದು ವಾಪಸ್ ಬಂದರು.

"ಮೊಮ್ಮಗ ಸೂಪು ಕುಡೀತಿಲ್ಲ" ಎಂದರು. "ನಾನು ಕುಡಿದು ನೋಡ್ದೆ. ಮದುವೆ ಹೆಣ್ಣಿನ ಕೆನ್ನೆಗೆ ಮುತ್ತು ಕೊಟ್ಟ ಹಾಗಿದೆ. ನನಗೇನೋ ಅಡ್ಡಿಯಿಲ್ಲ, ಆದ್ರೆ ಇದು ಕೋಳಿ ಸೂಪು ತಾನೆ?"

ಗಿಂಕಾ ಔಷಧಿ ಅಂಗಡಿಗೆ ಹೋಗಿ ಸಾದಾ ಕ್ರೀಮಿನ ದೊಡ್ಡ ಡಬ್ಬಗಳನ್ನು ತಂದರು. ತಿಂಗಳಿಗೆಂದು ತಂದದ್ದು ಒಂಬತ್ತು ದಿನಕ್ಕೆ ಮುಗಿಯಿತು. ಒಬ್ಬಳು ಹಿಮ್ಮಡಿಗೆ ಹಚ್ಚಿದ್ದಳು, ಒಬ್ಬಳು ಅತ್ತೆಗೆ ಕೊಟ್ಟಿದ್ದಳು, ಒಬ್ಬಳ ಗಂಡ ಹಸುವಿನ ಕೆಚ್ಚಲಿಗೆ ಸವರಿ ಗುಣ ಕಂಡಿದ್ದ.

"ಅವರಿಗೆ ಬೈದೆ, ಇವರಿಗೆ ಬೈದೆ, ಆಮೇಲೆ ಹಸು ಹೇಗಿದೆ ಅಂತಾನೂ ಕೇಳ್ದೆ" ಎನ್ನುತ್ತಾರೆ. "ನಾನೇನು ಮಾಡ್ಲಿ? ಡಬ್ಬಕ್ಕೆ ಬೀಗ ಹಾಕಿದೆ. ಈಗ ಒಂಬತ್ತು ಗಂಟೆ ಚಹಾಕ್ಕೆ ಬಿಟ್ಟಾಗ ಒಂದು ಸಲ, ಮನೆಗೆ ಹೋಗುವಾಗ ಒಂದು ಸಲ ನಾನೇ ಹಾಕ್ತೀನಿ. ಬಟಾಣಿಯಷ್ಟು. ಪ್ರಸಾದ ಕೊಟ್ಟ ಹಾಗೆ."

ಒಂಬತ್ತಕ್ಕೆ ಅವರು ಹೇಳಿದಂತೆಯೇ ನಡೆಯುತ್ತದೆ. ಹದಿನಾಲ್ಕು ಅಂಗೈಗಳು ಮುಂದೆ ಬರುತ್ತವೆ. ಹಚ್ಚುವ ಮುನ್ನ ಒರೆಸುವ ಪಾಠ ಇನ್ನೊಮ್ಮೆ ನಡೆಯುತ್ತದೆ. ಉಜ್ಜಬೇಡ, ಒತ್ತಿ ಒತ್ತಿ ತೆಗಿ. ಬೆರಳ ಸಂದು ಒದ್ದೆ ಬಿಡಬೇಡ. ಒದ್ದೆ ಕೈಗೆ ಗವಸು ಹಾಕಿದರೆ ಒಳಗೆ ಬೆಂದುಹೋಗುತ್ತೆ. ಗವಸು ಹರಿದರೆ ಬಿಸಾಡು, ಈಗ ಎಷ್ಟು ಜೊತೆ ಬೇಕಾದರೂ ಇವೆ. ಹೊಸ ಗವಸಿಗೂ ಮೊದಲು ಕೈ ತೊಳೆದಿರಬೇಕು. ಕ್ರೀಮು ಹೀರಿಕೊಳ್ಳುವವರೆಗೆ ಚಹಾ ಕುಡಿ, ಆಮೇಲೆ ತೊಳೆದು ಕೆಲಸಕ್ಕೆ ನಿಲ್ಲು.

"ತೊಳೆಯೋದಾದ್ರೆ ಹಚ್ಚೋದ್ಯಾಕೆ ಅಕ್ಕ?" ಎಂದು ಈ ತಿಂಗಳು ಸೇರಿದವಳು ಕೇಳುತ್ತಾಳೆ. ಗಿಂಕಾ ಮೇಲ್ಛಾವಣಿ ನೋಡುತ್ತಾರೆ. ಆಮೇಲೆ ಮೊದಲಿನಿಂದ ಹೇಳಲು ಶುರುಮಾಡುತ್ತಾರೆ.

ಸಂಬಳ ಕಡಿಯಬಾರದೆಂಬ ಮಾತಿಗೆ ಒಂದು ವರ್ಷ ಹಿಡಿಯಿತು. ಅದು ಇಂದಿಗೂ ಬಾಯಿಮಾತಿನಲ್ಲೇ ಇದೆ, ಕಾಗದಕ್ಕೆ ಇಳಿದಿಲ್ಲ. ಆದರೂ ನಡೆಯುತ್ತಿದೆ. ಕೈಗೆ ಏನಾದರೂ ಆದವರು ಮುಂದಿನ ಕೊಠಡಿಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಾರೆ, ಫೋನು ಎತ್ತುತ್ತಾರೆ. ಮೊದಲ ಆರು ತಿಂಗಳು ಯಾರೂ ನಂಬಲಿಲ್ಲ, ಗಾಯಗಳು ಗವಸಿನೊಳಗೇ ಉಳಿದವು. ಒಬ್ಬಳು ಧೈರ್ಯ ಮಾಡಿ ತೋರಿಸಿದಳು. ತಿಂಗಳ ಕೊನೆಗೆ ಅವಳ ಸಂಬಳವನ್ನು ಹದಿಮೂರು ಮಂದಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಪೂರ್ತಿ ಬಂದಿತ್ತು. ಮಾರನೆಯ ದಿನ ಮೂವರು ಕೈ ತೋರಿಸಿದರು.

ಆ ಮೇ ತಿಂಗಳಿಂದೀಚೆಗೆ ಇಲ್ಲಿನ ಊಟ ತಿಂದು ಒಂದು ಮಗುವೂ ಹಾಸಿಗೆ ಹಿಡಿದಿಲ್ಲ. ಈ ಮಾತನ್ನು ಎತ್ತಿದರೆ ಗಿಂಕಾ ಅವರಿಗೆ ಸಿಟ್ಟು ಬರುತ್ತದೆ. ಮೇಜಿನ ಮರವನ್ನು ಮೂರು ಸಲ ಬಡಿದು, ಕಿವಿ ಎಳೆದುಕೊಂಡು, "ಅದನ್ನೆಲ್ಲ ಬರೀಬೇಡಿ, ದೃಷ್ಟಿ ಆಗುತ್ತೆ" ಎನ್ನುತ್ತಾರೆ. ಕಿವಿ ಮುಟ್ಟಿದ್ದು ನೆನಪಾಗಿ, ಗೊಣಗುತ್ತಾ ಎದ್ದು ಹೋಗಿ ಕೈ ತೊಳೆದು ಬರುತ್ತಾರೆ.

ಅಕ್ಟೋಬರ್ ಕೊನೆಗೆ ಅವರಿಗೆ ನಿವೃತ್ತಿ. ಅವರ ಹುದ್ದೆಯೂ ಅವರೊಡನೆ ಹೋಗಲಿದೆ ಎಂಬ ಸುದ್ದಿಯಿದೆ. ನಲ್ಲಿಯ ಮೇಲೆ ಕ್ಯಾಮೆರಾ ಹಾಕಿದರೆ ಸಾಕೆಂದು ನಗರಸಭೆಯಲ್ಲಿ ಯಾರೋ ಸಲಹೆ ಕೊಟ್ಟಿದ್ದಾರಂತೆ.

"ಕ್ಯಾಮೆರಾಕ್ಕೆ ಬೆರಳ ಸಂದು ಕಾಣುತ್ತಾ?" ಎಂದು ಗಿಂಕಾ ಕೇಳುತ್ತಾರೆ. "ಕೀವು ಕಟ್ಟಿದ್ರೆ ನೋವಾಗ್ತಿದ್ಯಾ ಅಂತ ಕೇಳುತ್ತಾ? ನಾಲ್ಕು ವರ್ಷದಲ್ಲಿ ಎಲ್ಲಾ ಮರೆತುಹೋಯ್ತು ನೋಡಿ. ಏನೂ ಆಗ್ಲಿಲ್ಲ ಅಂದ್ರೆ ಯಾರೂ ಏನೂ ಮಾಡ್ಲಿಲ್ಲ ಅಂದ್ಕೋತಾರೆ."

ಸೆವ್ದಾ ಎರಡು ವರ್ಷದ ಹಿಂದೆ ಉಗ್ರಾಣದಿಂದ ಸಿಹಿಯ ಮೇಜಿಗೆ ಮರಳಿದ್ದಾಳೆ. ಅವಳ ಹೆಬ್ಬೆರಳಿನಲ್ಲಿ ಬಿಳಿಯ ಗೀಟೊಂದು ಉಳಿದಿದೆ, ಚರ್ಮ ನಯವಾಗಿದೆ. ಗಿಂಕಾ ರಜೆ ಹಾಕಿದ ದಿನ ಹಿಂಬಾಗಿಲಲ್ಲಿ ಕೂತು ಕೈ ನೋಡುವವಳು ಅವಳೇ. ಹೆಚ್ಚಿನ ಸಂಬಳವೇನೂ ಇಲ್ಲ. ಮೊದಮೊದಲು ಹೆಂಗಸರು, "ನಲವತ್ತಮೂರು ಮಕ್ಕಳನ್ನ ಮಲಗಿಸಿದೋಳು ನಮ್ಮ ಕೈ ನೋಡ್ತಾಳಂತೆ" ಎಂದು ಕುಟುಕಿದರು. ಸೆವ್ದಾ, "ಹೌದು, ಅದಕ್ಕೇ ನೋಡ್ತಿದೀನಿ" ಎಂದಳಂತೆ. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಹೋದ ವಾರ ಮೆಣಸಿನಕಾಯಿ ಸುಡಲೆಂದು ಗಿಂಕಾ ಎರಡು ದಿನ ರಜೆ ಹಾಕಿದ್ದರು. ಚಳಿಗಾಲಕ್ಕೆ ಚಟ್ನಿ ಮಾಡಿಡದ ಮನೆ ಈ ಊರಿನಲ್ಲಿಲ್ಲ. ಅರವತ್ತು ಕಿಲೋ ದಪ್ಪ ಕೆಂಪು ಮೆಣಸಿನಕಾಯಿ ಸುಟ್ಟು, ಬಿಸಿಯಿರುವಾಗಲೇ ಸಿಪ್ಪೆ ಸುಲಿದರು. ಎರಡನೆಯ ದಿನದ ಬೆಳಿಗ್ಗೆ, ಹೊಸದಾಗಿ ಬಂದ ಕುಂಬಳಕಾಯಿಯನ್ನು ಹೇಗೆ ಹೆಚ್ಚುತ್ತಿದ್ದಾರೋ ಎಂಬ ಚಿಂತೆ ತಡೆಯದೆ, ರಜೆಯಿದ್ದರೂ ಅಡುಗೆಮನೆಗೆ ಬಂದರು.

ಬಾಗಿಲಲ್ಲಿ ಸೆವ್ದಾ ಕೂತಿದ್ದಳು.

"ಕೈ" ಎಂದಳು.

"ನಂದಾ?"

"ನಿಮ್ದೇ."

ಬಲಗೈಯ ಎರಡು ಬೆರಳಲ್ಲಿ ಬೊಬ್ಬೆ ಎದ್ದಿತ್ತು. ಒಂದು ಒಡೆದು ನೀರು ಜಿನುಗುತ್ತಿತ್ತು. ಸೆವ್ದಾ ಟಾರ್ಚು ಆರಿಸಿದಳು.

"ಒಳಗೆ ಬರೋ ಹಾಗಿಲ್ಲ ಅಕ್ಕ."

"ಹುಚ್ಚೇನೇ ನಿಂಗೆ? ನಾನು ಅಡುಗೆ ಮಾಡ್ತೀನಾ?"

"ಮುಚ್ಚಳ ಎತ್ತುತೀರಿ. ರುಚಿ ನೋಡ್ತೀರಿ. ಸೌಟು ಕಿತ್ಕೊಂಡು ನೀವೇ ತಿರುಗಿಸ್ತೀರಿ. ಎಂಟು ವರ್ಷದಿಂದ ನೋಡ್ತಿದೀನಿ."

"ಪ್ಲಾಸ್ಟರ್ ಹಾಕ್ಕೋತೀನಿ. ಅದರ ಮೇಲೆ ಗವಸು. ಐದೇ ನಿಮಿಷ, ಕುಂಬಳಕಾಯಿ ನೋಡಿ ಹೋಗ್ತೀನಿ."

ಹೀಗೆ ಹೇಳುವಾಗ ತಮ್ಮದೇ ದನಿ ತಮಗೆ ಕೇಳಿಸಿತು ಎನ್ನುತ್ತಾರೆ ಗಿಂಕಾ. ಸಾಲಿನಲ್ಲಿದ್ದ ಹದಿಮೂರು ಮಂದಿ ಕೆಳಗೆ ನೋಡುತ್ತಾ ತುಟಿ ಬಿಗಿಹಿಡಿದು ನಿಂತಿದ್ದರು. ಸೆವ್ದಾ ಜಾಗ ಬಿಡಲಿಲ್ಲ.

"ಮುಂದಿನ ಕೊಠಡೀಲಿ ಚೀಟಿ ಅಂಟ್ಸೋದು ಬಾಕಿ ಇದೆ" ಎಂದಳು. "ಇಲ್ಲಾಂದ್ರೆ ಮನೆಗೆ ಹೋಗಿ. ಹೇಗೂ ರಜೆ ತಾನೆ."

ಗಿಂಕಾ ಮನೆಗೆ ಹೋಗಲಿಲ್ಲ. ಮುಂದಿನ ಕೊಠಡಿಯಲ್ಲಿ ಕೂತು, ಮುಚ್ಚಿದ ಡಬ್ಬಿಗಳಿಗೆ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಚೀಟಿ ಅಂಟಿಸಿದರು. ಹನ್ನೊಂದಕ್ಕೆ ಕಿಟಕಿ ತೆರೆದಾಗ ಒಬ್ಬ ಅಜ್ಜ ಒಳಗೆ ಬಗ್ಗಿ ನೋಡಿ, "ಹೊಸದಾಗಿ ಸೇರಿದ್ರಾ ತಾಯಿ?" ಎಂದು ಕೇಳಿದರು. ಹೌದೆಂದು ಹೇಳಿದರಂತೆ.

"ಇಡೀ ದಿನ ಅವಳನ್ನ ಮನಸ್ಸಲ್ಲೇ ಬೈದೆ, ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾರೆ ಗಿಂಕಾ. ಬೊಬ್ಬೆ ಈಗ ಒಣಗಿದೆ, ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಾರೆ. "ಕುಂಬಳಕಾಯೀನ ದಪ್ಪ ದಪ್ಪ ಹೆಚ್ಚಿದ್ರಂತೆ, ಅದಕ್ಕೂ ಬೈದೆ."

ಬೀಳ್ಕೊಡುಗೆಗೆ ಏನು ಬೇಕು ಎಂದು ದಾಂಚೆವ್ ಅವರು ಕೇಳಿದ್ದಾರಂತೆ. ಗೋಡೆ ಗಡಿಯಾರವೋ ಹೂದಾನಿಯೋ ಎಂದು. ಎರಡೂ ಬೇಡ, ಸೆವ್ದಾಳ ಹೆಸರನ್ನು ಆ ಹುದ್ದೆಗೆ ಕಾಗದದ ಮೇಲೆ ಬರೆದು ಸಂಬಳದ ಸಮೇತ ನಗರಸಭೆಯಿಂದ ತರಿಸಿ ಎಂದು ಗಿಂಕಾ ಹೇಳಿದ್ದಾರೆ. ಈ ವಿಷಯಕ್ಕೂ ಮೂರು ಪತ್ರ ಹೋಗಿವೆ, ನಾಲ್ಕನೆಯದನ್ನು ಬರೆಯುತ್ತಿದ್ದಾರೆ. ಸೆವ್ದಾಳೇ ಯಾಕೆ ಎಂದು ನಗರಸಭೆಯವರು ಕೇಳಿದರೆ ಏನು ಹೇಳುತ್ತೀರಿ ಎಂದು ಅವರನ್ನೇ ಕೇಳಿದ್ದಾಯಿತು.

ಗಿಂಕಾ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಳ್ಳುತ್ತಾರೆ.

"ನನ್ನನ್ನೇ ಒಳಗೆ ಬಿಡ್ಲಿಲ್ಲ. ಇನ್ಯಾರನ್ನ ಬಿಟ್ಟಾಳು?"